ಬರಿದಾಗಿ ಮರಳದ ಕಾರು

ಈ ಕಥೆಯನ್ನು ಮೊದಲು ಹೇಳಿದವರು ಸೊರಟೂರಿನ ಫಕ್ಕೀರವ್ವ. ಹೇಳಿದ್ದು ಕಳೆದ ವರ್ಷ, ಹಿಂಗಾರಿ ಬಿತ್ತಿಗೆ ಮುಗಿದ ವಾರ, ಊರಿನ ಹಿಟ್ಟಿನ ಗಿರಣಿಯಲ್ಲಿ. ಕರೆಂಟು ಹೋದಾಗ ಕಥೆ ನಡೆಯುತ್ತಿತ್ತು, ಬಂದಾಗ ನಿಲ್ಲುತ್ತಿತ್ತು. ಆದ್ದರಿಂದ ಇದರ ಕಂತುಗಳ ಉದ್ದವನ್ನು ನಿರ್ಧರಿಸಿದ್ದು ಹೇಳಿದವರೂ ಅಲ್ಲ, ಕೇಳಿದವರೂ ಅಲ್ಲ. ಈ ಕಂತನ್ನು ಅವರು ಆರಂಭಿಸಿದ್ದು ಹೀಗೆ: ಕಾರಿನ ಸೂರಿನಿಂದ ನಾಗರತ್ನಾಳ ತಲೆಯ ಮೇಲೆ ಕಾಳು ಸುರಿದವು.

ಸುರಿದದ್ದು ಒಂದು ಹಿಡಿಯಷ್ಟು. ಕೆಲವು ಆಕೆಯ ಬೈತಲೆಯಲ್ಲಿ ಉಳಿದವು, ಕೆಲವು ಹೆಗಲ ಮೇಲಿಂದ ಜಾರಿ ಸೀಟಿನ ಪ್ಲಾಸ್ಟಿಕ್ಕಿನ ಮೇಲೆ ಟಪಟಪನೆ ಬಿದ್ದವು.

"ಅಕ್ಕಾರ, ಅಕ್ಕಿಕಾಳ ಬಿದ್ದಂಗ ಆತಲ್ರೀ! ಲಗ್ನ ಯಾವಾಗ?" ಎಂದ ಮಾಶಾಕ. ಆತ ಹುಬ್ಬಳ್ಳಿಯ ಲೀಸು ಕಂಪನಿಯಿಂದ ಕಾರನ್ನು ಪರೀಕ್ಷಿಸಿ ಒಯ್ಯಲು ಬಂದಿದ್ದ ಮನುಷ್ಯ. ಬಂದ ಗಳಿಗೆಯಿಂದ ನಗುನಗುತ್ತ ಫೋಟೋ ತೆಗೆಯುತ್ತಿದ್ದ.

ನಾಗರತ್ನಾ ನಗಲಿಲ್ಲ. ಶಿರಹಟ್ಟಿಯ ಕಡೆ ಈ ಕಥೆ ಹೇಳುವವರು ಆಕೆ ನಕ್ಕಳೆಂದೇ ಹೇಳುತ್ತಾರೆ. ಫಕ್ಕೀರವ್ವ ಅದನ್ನು ಒಪ್ಪುವುದಿಲ್ಲ. ತಲೆಯ ಮೇಲೆ ಸಾಕ್ಷಿ ಬಿದ್ದಾಗ ನಗುವ ಹೆಂಗಸಲ್ಲ ಆಕೆ ಎಂಬುದು ಅವರ ವಾದ. ಆಕೆ ಹಿಂದೆ ವಿಮಾ ಕಂಪನಿಗಳಿಗಾಗಿ ಅಪಘಾತದ ವಾಹನಗಳನ್ನು ಪರೀಕ್ಷಿಸುತ್ತಿದ್ದವಳು. ಈಗ ಗದಗಿನಲ್ಲಿ ಒಂದು ಕೋಣೆ ಹಿಡಿದು, ತನ್ನದೇ ಹೆಸರಿನಲ್ಲಿ ಪತ್ತೇದಾರಿಕೆ ನಡೆಸುತ್ತಿದ್ದಳು. ಯಾವ ವಾಹನವಾದರೂ ಅದರ ಪ್ರತಿಯೊಂದು ಮುಚ್ಚಳವನ್ನೂ ತೆರೆದು ನೋಡದೆ ಕೆಳಗಿಳಿಯುವುದು ಆಕೆಯ ಪದ್ಧತಿಯಾಗಿರಲಿಲ್ಲ. ಈಗ ತೆರೆದದ್ದು ಚಾಲಕನ ತಲೆಯ ಮೇಲೆ, ಸೂರಿಗೆ ಹೊಂದಿಕೊಂಡಿದ್ದ ಒಂದು ಚಿಕ್ಕ ಪೆಟ್ಟಿಗೆಯನ್ನು. ಒತ್ತಿದರೆ ಬಾಯಿ ತೆರೆದುಕೊಳ್ಳುವ ಪೆಟ್ಟಿಗೆ.

ಕಾಳಿನ ಹಿಂದೆಯೇ ಇನ್ನೆರಡು ವಸ್ತುಗಳು ಮಡಿಲಿಗೆ ಬಿದ್ದವು: ಒಂದು ಅರಿಸಿನ ಕೊಂಬು, ಒಂದು ಇಡಿಯಡಿಕೆ.

ಹಿಂದಿನದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ: ಅಮಾವಾಸ್ಯೆಯ ಸಂಜೆ ಶಿರಹಟ್ಟಿಯಾಚೆ, ಮುಂಡರಗಿಯ ಕಡೆಗೆ ಹೊರಳುವ ದಾರಿಯಲ್ಲಿ, ಈ ಬಿಳಿಯ ಕಾರು ಅಂದಾನಪ್ಪನೆಂಬವನ ನೀಲಿ ಬೈಕಿಗೆ ಗುದ್ದಿ ನಿಲ್ಲದೆ ಹೋಯಿತೆಂದು ದೂರು ದಾಖಲಾಗಿತ್ತು, ಮತ್ತು ಹಾಗೆ ಹೋದವನು ಚಾಲಕ ಹುಲಿಗೇಶನೇ ಎಂದು ಎಲ್ಲರೂ ನಂಬಿದ್ದರು.

ನಂಬಲು ಕಾರಣಗಳಿದ್ದವು. ಕಾರಿನ ಹಿಂದಿನ ಗಾಜಿನ ಮೇಲಿನ ಬೀಜದಂಗಡಿಯ ಹೆಸರನ್ನು ಓದಿ ಹೇಳಿದವನು ಅಂದಾನಪ್ಪನೇ. ಎಡಗಡೆಯ ಮುಂದಿನ ದೀಪ ಸೀಳಿತ್ತು, ಸೀಳಿನ ಅಂಚಿನಲ್ಲಿ ನೀಲಿ ಬಣ್ಣ ಹತ್ತಿತ್ತು. ಆ ಮುಂಜಾನೆಯೇ ನಾಗರತ್ನಾ ಗದಗಿನ ಒಂದು ಖಾಸಗಿ ಆಸ್ಪತ್ರೆಗೆ ಹೋಗಿ ಅಂದಾನಪ್ಪನನ್ನು ಕಂಡು ಬಂದಿದ್ದಳು. ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರು. ಕಾಲನ್ನು ಹಗ್ಗದಿಂದ ಮೇಲಕ್ಕೆ ಕಟ್ಟಿದ್ದರು. ಆತ ಕಣ್ಣು ಮುಚ್ಚಿಕೊಂಡೇ ಎರಡು ಮಾತಾಡಿದ್ದ.

ಹುಲಿಗೇಶನ ಪರವಾಗಿ ಇದ್ದದ್ದು ಅವನ ಮಾತು ಮಾತ್ರ. ಆ ದಿನ ತಾನು ಬಸ್ಸಿನಲ್ಲಿ ಹಿರೇವಡ್ಡಟ್ಟಿಗೆ, ತಾಯಿಯ ಮನೆಗೆ ಹೋಗಿದ್ದೆನೆಂದು ಅವನು ಹೇಳುತ್ತಿದ್ದ. ಮಗನ ಪರವಾಗಿ ತಾಯಿ ಹೇಳುವ ಸಾಕ್ಷಿಯನ್ನು ಯಾರೂ ತೂಗಿ ನೋಡುವುದಿಲ್ಲ. ಮರುದಿನ ಬೆಳಿಗ್ಗೆ ಅವನು ಠಾಣೆಗೆ ಹಾಜರಾಗಬೇಕಿತ್ತು. ಕಾರಿನ ಫೋಟೋ ತೆಗೆದುಕೊಂಡು ಹೋದ ಪೊಲೀಸರು ಅದನ್ನಿನ್ನೂ ವಶಕ್ಕೆ ಪಡೆದಿರಲಿಲ್ಲ.

ಅದಕ್ಕಿಂತ ಮೊದಲೇ, ಆ ಸಂಜೆಗೆ, ಕಾರಿನ ಲೀಸು ಮುಗಿಯುತ್ತಿತ್ತು.

ಲೀಸು ಮುಗಿದಾಗ ಮೂರು ದಾರಿಗಳಿರುತ್ತವೆ. ಕಾರನ್ನು ಕಂಪನಿಗೆ ಮರಳಿಸಬಹುದು. ತಿಂಗಳ ಮಟ್ಟಿಗೆ ಲೀಸನ್ನು ಮುಂದುವರಿಸಬಹುದು. ಇಲ್ಲವೇ ಉಳಿದ ಬೆಲೆ ತೆತ್ತು ಕೊಂಡುಬಿಡಬಹುದು. ಯಜಮಾನ ಕೊಟ್ರಪ್ಪ ಮೊದಲನೆಯ ದಾರಿಯನ್ನು ಆರಿಸಿ ಮಾಶಾಕನನ್ನು ಕರೆಸಿದ್ದ. ಕಾರು ಹುಬ್ಬಳ್ಳಿ ತಲುಪಿದರೆ ಅದನ್ನು ತೊಳೆಯುತ್ತಾರೆ, ದೀಪ ಬದಲಿಸುತ್ತಾರೆ, ಮಾರುತ್ತಾರೆ. ಆಮೇಲೆ ಹುಲಿಗೇಶನ ಮಾತಿಗೆ ಕಾರಿನಿಂದ ಯಾವ ಉತ್ತರವೂ ಬರಲಾರದು.

ನಿಜ ಪತ್ತೆಹಚ್ಚಲು ನಾಗರತ್ನಾಳ ಕೈಯಲ್ಲಿದ್ದದ್ದು ಆ ಸಂಜೆಯವರೆಗಿನ ಹೊತ್ತು.

"ಇದೇನ್ರೀ ಸಾವ್ಕಾರ್ರ?" ಅಂಗೈಯಲ್ಲಿ ಕಾಳು ಹಿಡಿದು ಕೇಳಿದಳು.

ಕೊಟ್ರಪ್ಪ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. ಶೆಡ್ಡು ಬೆಟಗೇರಿಯಲ್ಲಿ, ಅವನ ಮನೆಯ ಹಿಂದೆ, ಬೀಜದ ಗೋದಾಮಿಗೆ ತಾಗಿಕೊಂಡಿತ್ತು. ಆತ ಮಿತಭಾಷಿ. ಮಂದಿಯ ವಸ್ತು ಎಂಬ ಕಾರಣಕ್ಕೆ ಕಾರಿನ ಸೀಟಿನ ಪ್ಲಾಸ್ಟಿಕ್ಕನ್ನು ನಾಲ್ಕು ವರ್ಷ ಹರಿಯಲು ಬಿಡದವನು.

"ಬೀಜದಂಗಡಿಯವನ ಕಾರಿನಾಗ ಕಾಳಲ್ಲದ ಮತ್ತೇನ್ ಸಿಗಬೇಕ್ರೀ? ಬಂಗಾರ ಸಿಗ್ತೈತೇನು?"

"ನಿಮ್ಮ ಬೀಜದ ಬಣ್ಣ ಯಾವುದ್ರಿ?"

ಉತ್ತರ ಕಾರಿನ ನೆಲದ ಮೇಲೆಯೇ ಇತ್ತು. ಬಿತ್ತುವ ಬೀಜಕ್ಕೆ ಔಷಧಿ ಸವರಿ ಬಣ್ಣ ಹಾಕಿರುತ್ತಾರೆ, ತಪ್ಪಿಯೂ ಯಾರೂ ತಿನ್ನಬಾರದೆಂದು. ಕಾರಿನ ಸಂದುಗೊಂದಿಗಳಲ್ಲಿ ನಾಲ್ಕು ವರ್ಷ ಸೇರಿಕೊಂಡ ಕಾಳುಗಳೆಲ್ಲ ಗುಲಾಬಿ, ಹಸಿರು. ನಾಗರತ್ನಾಳ ಅಂಗೈಯಲ್ಲಿದ್ದದ್ದು ಬರಿಯ ಬಿಳಿಜೋಳ. ಆರಿಸಿ, ಕೇರಿ, ಬೀಸಲು ಸಿದ್ಧ ಮಾಡಿದ ಊಟದ ಜೋಳ. ಲಕ್ಷ್ಮೇಶ್ವರದಲ್ಲಿ ಸಿಕ್ಕ ಈ ಕಥೆಯ ಪಾಠಾಂತರದಲ್ಲಿ ಅದು ಶೇಂಗಾಕಾಳು. ಆದರೆ ಶೇಂಗಾ ಅಷ್ಟು ಸಣ್ಣ ಪೆಟ್ಟಿಗೆಯಿಂದ ಹಾಗೆ ಸುರಿಯಲಾರದು. ಫಕ್ಕೀರವ್ವನ ಪಾಠವೇ ಸರಿಯೆಂದು ತೋರುತ್ತದೆ.

"ಸಾವ್ಕಾರ್ರ," ಮಾಶಾಕ ನಡುವೆ ಬಾಯಿ ಹಾಕಿದ, "ನಂದೊಂದು ಸಂಶೇ ಐತಿ. ಟ್ಯಾಂಕ್ ತುಂಬ ಡೀಸೆಲ್ ಐತ್ರಿ. ವಾಪಸ್ ಕೊಡೋ ಗಾಡಿಗೆ ಯಾರೂ ತುಂಬಸೂದಿಲ್ಲ. ಉಳಿದಿದ್ದನ್ನ ತಗದಕೊಂಡ ಬಿಡತಾರ. ಕಂಪನಿ ಇದಕ್ಕ ಒಂದ ಪೈನೂ ಕೊಡೂದಿಲ್ಲ ಮತ್ತ."

"ಕೊಡ್ರಿ ಅಂತ ನಾ ಎಲ್ಲಿ ಕೇಳೇನಿ?" ಎಂದ ಕೊಟ್ರಪ್ಪ. "ಕ್ಯಾನಿನಾಗ ತರಿಸಿ ಹಾಕಿಸೇನಿ. ಮಂದಿ ವಸ್ತು ತಂದು ಬಳಸಿ, ಬರೇದು ಹೆಂಗ ಕೊಡೂದ್ರಿ? ನಮ್ಮನ್ಯಾಗ ಆ ರೂಢಿ ಇಲ್ಲ."

ನಾಗರತ್ನಾ ಕಾರಿನಿಂದ ಇಳಿದಳು.

ತಾನು ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆಂದು ಆಕೆಗೆ ಅನಿಸಿತು. ಆಕೆಯ ತಾಯಿ ನೆರೆಮನೆಯಿಂದ ತಂದ ಬಟ್ಟಲನ್ನು ಎಂದೂ ಬರಿದಾಗಿ ಹಿಂದಿರುಗಿಸಿದವಳಲ್ಲ. ಸಕ್ಕರೆ ಇಲ್ಲದಿದ್ದರೆ ಬೆಲ್ಲದ ಚೂರು, ಬೆಲ್ಲವೂ ಇಲ್ಲದಿದ್ದರೆ ನಾಲ್ಕು ಕಾಳು ಜೋಳ. ಈ ಸೀಮೆಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಕೈ ತಾನಾಗಿಯೇ ಕಲಿತಿರುತ್ತದೆ.

ಕದ್ದು ಒಯ್ದವನು ಕಾಳು ತುಂಬುವುದಿಲ್ಲ. ಹೇಳದೆ ಒಯ್ದವನೂ ತುಂಬುವುದಿಲ್ಲ. ಕಾಳು ತುಂಬುವವರು ಕೇಳಿ ತಂದವರು ಮಾತ್ರ.

"ಸಾವ್ಕಾರ್ರ, ಈ ಕಾರನ್ನ ಯಾರೋ ಕೇಳಿ ಒಯ್ದಾರ. ಯಾರೋ ಕೊಟ್ಟಾರ."

ಕೊಟ್ರಪ್ಪನ ಮುಖ ಚಾಲಕನ ಕಡೆಗೆ ತಿರುಗಿತು. ಹುಲಿಗೇಶ ಗೋಡೆಗೆ ಒರಗಿ ನಿಂತಿದ್ದ. ಮೂವತ್ತು ದಾಟಿದ, ಎತ್ತರದ ಆಳು. ಎರಡು ದಿನದಿಂದ ಗಡ್ಡ ತೆಗೆದಿರಲಿಲ್ಲ.

"ಹಂಗಾರ ಇವನ ಕೊಟ್ಟಾನ. ಇವನೂರ ಮಂದಿ ಒಯ್ದಾರ. ಏನಲೇ?"

"ನಮ್ಮೂರ ಮಂದಿಗಿ ಈ ಕಾರ ಯಾಕ್ ಬೇಕ್ರೀ ಯಪ್ಪಾ," ಎಂದ ಹುಲಿಗೇಶ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಾ ಮೊದಲ ದಿನಾನ ಹೇಳೇನಿ. ಊರಿಂದ ಬಂದು ನೋಡಿದರ ಸೀಟ ಮುಂದಕ್ಕ ಎಳದಿತ್ತು. ನನ್ನ ಮೊಣಕಾಲ ಸ್ಟೇರಿಂಗಿಗೆ ಬಡಿತು. ಯಾರ್ ಕೇಳಿದ್ರಿ?"

"ನಾ ಕೇಳ್ತೀನಿ," ಎಂದಳು ನಾಗರತ್ನಾ. "ಈ ಸೂರಿನ ಪೆಟ್ಟಿಗಿನ್ಯಾಗ ನೀ ಏನ್ ಇಡ್ತಿದ್ದಿ?"

"ನಾ ಏನೂ ಇಡೂದಿಲ್ರಿ. ಅದು ಸಣ್ಣಕ್ಕಾರದು, ಸಾವ್ಕಾರ್ರ ಮಗಳದು. ಗಾಡಿ ಹೊಡಿಯೋ ಮುಂದ ಅವರು ಬಿಸಲಿಗೆ ಹಾಕ್ಕೊಳ್ಳೋ ಕರೇ ಚಾಳೀಸ ಅದರಾಗ ಇಡ್ತಾರ."

"ಅವರು ಕಡೀಕ ಗಾಡಿ ಹೊಡದದ್ದು ಯಾವಾಗ?"

ಹುಲಿಗೇಶ ಯಜಮಾನನ ಮುಖ ನೋಡಿದ. ಕೊಟ್ರಪ್ಪ ನೆಲ ನೋಡುತ್ತಿದ್ದ.

"ಅಮಾಸಿ ಆದಮ್ಯಾಲ ಮುಟ್ಟಿಲ್ರಿ. ಸ್ಕೂಟಿ ಮ್ಯಾಲ ಹೊಂಟಾರ."

ಮಾಶಾಕ ಮೊಬೈಲು ಕೆಳಗಿಳಿಸಿದ. ಫೋಟೋ ತೆಗೆಯುವುದನ್ನು ಆತ ನಿಲ್ಲಿಸಿದ್ದು ಅದೇ ಮೊದಲು.

ನಾಗರತ್ನಾ ಕಾಳನ್ನೂ ಅರಿಸಿನವನ್ನೂ ಅಡಿಕೆಯನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಗೋದಾಮಿನ ಮುಂದಿನ ಕೋಣೆಗೆ ನಡೆದಳು.

ಅಂಕಿತಾ ಕೊಟ್ರಪ್ಪನ ಒಬ್ಬಳೇ ಮಗಳು. ಅಂಗಡಿಯ ವ್ಯವಹಾರದ ಅರ್ಧ ಭಾಗ ಅವಳ ಮೇಜಿನ ಮೇಲೆ ನಡೆಯುತ್ತಿತ್ತು. ಹಳ್ಳಿಹಳ್ಳಿಯಿಂದ ಬೀಜ ಕೇಳುವವರ ಫೋನುಗಳಿಗೆ ಅವಳೇ ಉತ್ತರಿಸುತ್ತಿದ್ದಳು. ನಾಗರತ್ನಾ ಒಳಬಂದಾಗ ಅವಳು ಮುಂಡರಗಿಯ ಯಾರಿಗೋ ಕಡಲೆಯ ತಳಿಯೊಂದನ್ನು ವಿವರಿಸುತ್ತಿದ್ದಳು. ವಿವರಣೆ ನಡುವೆಯೇ ನಿಂತಿತು.

"ಕುಂಡ್ರಿ ಮೇಡಂ. ಚಾ ತರಸ್ಲೇನು?"

"ಬ್ಯಾಡ. ಕೊಡೂದೊಂದ ಐತಿ, ಕೊಟ್ಟು ಹೊಕ್ಕೇನಿ." ನಾಗರತ್ನಾ ಕರವಸ್ತ್ರದ ಗಂಟು ಬಿಚ್ಚಿದಳು. "ನಿಮಗ ಬರಬೇಕಾದ್ದು. ಮುಟ್ಟೂದು ತಡಾ ಆತು. ಹಿಡೀರಿ."

ಆಕೆ ಎರಡು ಕೈಯಿಂದ ಮುಂದೆ ಚಾಚಿದಳು, ಮಡಿಲಿಗೆ ಉಡಿ ತುಂಬುವವರು ಚಾಚುವ ಹಾಗೆ.

ಅಂಕಿತಾ ಓದಿದವಳು, ಜಾಣೆ. ಒಂದು ಗಳಿಗೆ ಸಿಕ್ಕಿದ್ದರೂ ಯೋಚಿಸುತ್ತಿದ್ದಳು. ಆದರೆ ಅವಳ ಕೈ ಯೋಚಿಸಲಿಲ್ಲ. ಹೆಗಲ ಮೇಲಿನ ಓಢಣಿಯ ತುದಿ ತಾನಾಗಿ ಬೆರಳಿಗೆ ಬಂತು. ಅವಳು ಎದ್ದು ನಿಂತು ಸೆರಗಿನಂತೆ ಅದನ್ನು ಒಡ್ಡಿದಳು. ಕಾಳು ಅದರೊಳಗೆ ಬಿದ್ದವು. ಅರಿಸಿನ ಕೊಂಬು ಬಿತ್ತು. ಅಡಿಕೆ ಬಿತ್ತು.

ಆಮೇಲೆ ಅವಳು ಕೆಳಗೆ ನೋಡಿದಳು.

"ಯಾರ್ ಕೊಟ್ಟಿದ್ದು ಅಂತ ನೀವು ಕೇಳಲಿಲ್ಲ," ಎಂದಳು ನಾಗರತ್ನಾ.

ಅಂಕಿತಾ ಓಢಣಿಯನ್ನು ಹಾಗೆಯೇ ಹಿಡಿದು ಕುಳಿತಳು. ಅದನ್ನು ಕೊಡವಿಬಿಡಲು ಅವಳಿಗೆ ಆಗಲಿಲ್ಲ.

"ಎಲ್ಲಿತ್ತು?" ಕೇಳಿದಳು.

"ನಿಮ್ಮ ಚಾಳೀಸಿನ ಪೆಟ್ಟಿಗಿನ್ಯಾಗ. ನೀವು ಕಾರ ಕೊಡೋ ಮುಂದ ಚಾಳೀಸ ತಗೊಂಡಿರಿ. ತಗೊಳ್ಳೂದನ್ನ ಅವರು ನೋಡ್ಯಾರ. ತಿರುಗಿ ಬಂದಾಗ ನೀವು ಸಿಗಲಿಲ್ಲ. ನಿಮ್ಮ ಕೈ ಎಲ್ಲಿ ಹೋಗ್ತೈತೋ ಅಲ್ಲಿ ಇಟ್ಟು ಹೋದ್ರು. ಖರೆ ಏನು?"

"ಅಪ್ಪಾಜಿ ಅಂಗಡ್ಯಾಗಿದ್ರು. ನಾನೂ ಅವರ ಸಂಗಾಟ ಇದ್ದೆ. ಶೆಡ್ಡಿನ್ಯಾಗ ನಿಂದ್ರಿಸಿ, ಚಾವಿ ಗೂಟಕ್ಕ ಹಾಕಿ ಹೋಗು ಅಂತ ಮೊದಲ ಹೇಳಿದ್ದೆ."

"ಯಾರಿಗೆ?"

ಅಂಕಿತಾ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಕೊಟ್ರಪ್ಪ ನಿಂತಿದ್ದ. ಅವನ ಹಿಂದೆ ಮಾಶಾಕ, ಮಾಶಾಕನ ಹಿಂದೆ ಅರ್ಧ ಮರೆಯಲ್ಲಿ ಹುಲಿಗೇಶ.

"ಹೇಳವಾ," ಎಂದ ಕೊಟ್ರಪ್ಪ. "ನಾ ಮುಂದ ನಿಂತೇನಿ ಅಂತ ನಿಂದ್ರಬ್ಯಾಡ."

"ಬೆಣ್ಣಿ ಮಂಜವ್ವಗ."

ಕೊಟ್ರಪ್ಪ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬೆಣ್ಣಿ ಮಂಜವ್ವ ಆ ಮನೆಗೆ ಹೊಸಬಳಲ್ಲ. ಅಂಕಿತಾ ತೊಟ್ಟಿಲಲ್ಲಿದ್ದಾಗಿನಿಂದ ಪ್ರತಿ ಸೋಮವಾರ ಹಳ್ಳಿಯಿಂದ ಬಂದು, ಎಲೆಯಲ್ಲಿ ಕಟ್ಟಿದ ಬೆಣ್ಣೆಯನ್ನು ಪಡಸಾಲೆಯಲ್ಲಿ ಇಳಿಸಿ, ನೀರು ಕುಡಿದು, ಊರ ಖಬರು ಹೇಳಿ ಹೋಗುವವಳು. ಮನೆಯ ಡಬ್ಬಿ ಒಯ್ದರೆ ಅದರಲ್ಲಿ ಏನಾದರೂ ಹಾಕದೆ ಮರಳಿಸಿದವಳಲ್ಲ. ಆ ಮನೆಯಲ್ಲಿ ಅವಳಿಗೆ ಬೇರೆ ಅಡ್ಡಹೆಸರಿರಲಿಲ್ಲ. ಯಾರ ಹೆಂಡತಿ, ಯಾವ ಓಣಿಯವಳು ಎಂದು ಯಾರೂ ಕೇಳಿರಲಿಲ್ಲ. ಬೆಣ್ಣೆ ಚೆನ್ನಾಗಿತ್ತು.

"ಚೊಚ್ಚಲ ಬಸರಿ ಮಗಳ ಕುಬಸ ಐತಿ ಅಂದ್ಲು," ಅಂಕಿತಾ ಒಂದೇ ಉಸಿರಿನಲ್ಲಿ ಹೇಳತೊಡಗಿದಳು. "ಶಿರಹಟ್ಟಿಗೆ ಕೊಟ್ಟೇನಿ, ಬೀಗರ ಮುಂದ ಟಂಟಂನ್ಯಾಗ ಹೋಗಿ ಇಳದರ ಮಗಳಿಗೆ ಕಡೀತನಾ ಆಡ್ಕೋತಾರ, ಒಂದ ದಿನ ಕಾರ ಕೊಡವಾ ಅಂದ್ಲು. ಅಳಿಯ ಹೊಡಿತಾನ ಅಂದ್ಲು. ಬ್ಯಾರೆದವ್ರು ಹೊಡಿಬಾರ್ದು ಅಂತ ಲೀಸಿನಾಗ ಐತಿ, ನನಗ ಗೊತ್ತಿತ್ತು. ಆದರ ಅಕಿ ಎಂದೂ ಏನೂ ಕೇಳಿದಾಕಿ ಅಲ್ಲ."

"ಅಳಿಯನ್ನ ನೋಡಿದ್ರೇನು?"

"ಇಲ್ಲ. ಓಣಿ ತಿರವಿನ್ಯಾಗ ನಿಂತಾನ ಅಂದ್ಲು. ಅಲ್ಲಿ ತನಕಾ ಗಾಡಿ ನಾನ ಹೊಡಕೊಂಡು ಹೋಗಿ, ಚಾವಿ ಅಕಿ ಕೈಯಾಗ ಕೊಟ್ಟು ಬಂದೆ."

"ಮರುದಿನ ಸುದ್ದಿ ಬಂತು."

"ಬಂತು. ಅಳಿಯ ಬೈಕಿಗೆ ಗಾಡಿ ಹಾಯ್ಸ್ಯಾನ ಅಂತ ನನಗ ಗೊತ್ತಾತು. ಹೇಳಿದರ ಮಂಜವ್ವನ ಮಗಳ ಸಂಸಾರ ಹೋಗತೈತಿ ಅಂತ..."

"ಹುಲಿಗೇಶಂದು ಹೋಗೂದಿಲ್ಲೇನು?" ನಾಗರತ್ನಾ ಕೇಳಿದ್ದು ಗದರಿಸಿ ಅಲ್ಲ. ದೀಪದ ಸೀಳನ್ನು ಅಳೆಯುವಾಗ ಇರುವ ದನಿಯೇ ಆಗಲೂ ಇತ್ತು.

ಅಂಕಿತಾ ತಲೆ ತಗ್ಗಿಸಿದಳು. "ಅಕಿ ಅವತ್ತಿಂದ ಬೆಣ್ಣಿ ಕೊಡಾಕ ಬಂದಿಲ್ಲ."

ಹೊರಗೆ ಯಾರೋ ಚೀಲ ಎಳೆಯುತ್ತಿದ್ದ ಸದ್ದು ಕೇಳಿಸುತ್ತಿತ್ತು. ಮಾಶಾಕ ಕೆಮ್ಮಿದ.

"ನಿಮ್ಮ ಮನಿ ಮಾತಿನ್ಯಾಗ ನಾ ಬರಬಾರ್ದು ಖರೆ. ಆದರ ಹೊತ್ತ ಹೊಂಟೈತ್ರಿ ಸಾವ್ಕಾರ್ರ. ಕಾರ ಒಯ್ಯಲ್ಯೋ, ಬ್ಯಾಡೋ?"

ಕೊಟ್ರಪ್ಪ ಮಗಳ ಮೇಜಿನ ಎದುರಿನ ಕುರ್ಚಿಯಲ್ಲಿ ಕುಳಿತ. ಅದು ಗಿರಾಕಿಗಳು ಕೂರುವ ಕುರ್ಚಿ. ಅದರಲ್ಲಿ ಅವನು ಹಿಂದೆಂದೂ ಕುಳಿತಿರಲಿಲ್ಲ.

"ಬಾಯಾರ, ನೀವ ಹೇಳ್ರಿ. ಕೊಟ್ಟ ಬಿಟ್ಟರ ಏನಾಕ್ಕೈತಿ?"

"ಕಾರ ಹೋಗತೈತಿ. ಮಗಳ ಹೆಸರು ಹೊರಗ ಬರೂದಿಲ್ಲ. ನಾಳೆ ಹುಲಿಗೇಶ ಒಳಗ ಹೊಕ್ಕಾನ."

"ಕೊಂಡರ?"

"ಕಾರ ನಿಮ್ಮ ಹೆಸರಿಗೆ ಬರತೈತಿ. ಗುದ್ದಿದ ಕಾರನ್ನ ಕೇಸ ನಡದಿರೋ ಮುಂದ ಯಾಕ್ ಕೊಂಡ್ರಿ, ಏನ್ ಮುಚ್ಚಾಕ ಕೊಂಡ್ರಿ ಅಂತ ಮೊದಲ ಪ್ರಶ್ನೆ ನಿಮಗ ಬರತೈತಿ. ಆಮ್ಯಾಲ ಅದರಾಗ ಏನ್ ಸಿಕ್ಕರೂ ನೀವ ಇಟ್ಟೀರಿ ಅಂತಾರ."

"ಮೂರನೇದು?"

"ಒಂದ ತಿಂಗಳ ಮುಂದುವರಿಸ್ರಿ. ಕಾರ ಕಂಪನೀದ ಇರತೈತಿ, ಶೆಡ್ಡ ನಿಮ್ಮದಿರತೈತಿ. ಯಾರೂ ತೊಳಿಯಾಂಗಿಲ್ಲ, ಯಾರೂ ಮುಟ್ಟಾಂಗಿಲ್ಲ. ಪೊಲೀಸರು ಬಂದು ನೋಡಲಿ. ಆದರ ನಾಳೆ ನಿಮ್ಮ ಮಗಳು ಠಾಣೆಗೆ ಬಂದು, ಈಗ ಇಲ್ಲಿ ಹೇಳಿದ್ದನ್ನ ಅಲ್ಲಿ ಹೇಳಬೇಕು. ಅದಿಲ್ಲಂದ್ರ ಮುಂದುವರಿಸೂದು ಸುಮ್ಮನ."

ಕೊಟ್ರಪ್ಪ ಟೊಪ್ಪಿಗೆಯನ್ನು ಮೊಣಕಾಲ ಮೇಲಿಟ್ಟು ಅದರ ಮಡಿಕೆಗಳನ್ನು ಸರಿಪಡಿಸಿದ. ಮಗಳು ವರ ನೋಡುವ ವಯಸ್ಸಿನವಳು. ಠಾಣೆಯ ಮೆಟ್ಟಿಲು ಹತ್ತಿದ ಸುದ್ದಿ ಬೆಟಗೇರಿಯಿಂದ ಲಕ್ಷ್ಮೇಶ್ವರಕ್ಕೆ ಬಸ್ಸಿಗಿಂತ ಮೊದಲು ತಲುಪುತ್ತದೆ. ಇದೆಲ್ಲ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಹುಲಿಗೇಶನಿಗೆ ಗೊತ್ತಿತ್ತು. ಯಜಮಾನ ಯಾವುದನ್ನು ಆರಿಸುತ್ತಾನೆಂದು ಲೆಕ್ಕ ಹಾಕಿಯೇ ಅವನು ಬಾಗಿಲಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದಿದ್ದ.

"ಹುಲಿಗೇಶಾ, ಎಲ್ಲಿ ಹೊಂಟಿ? ಒಳಗ ಬಾರಲೇ."

ಹುಲಿಗೇಶ ಒಳಗೆ ಬಂದ.

"ನಿನ್ನ ಕೆಲಸಕ್ಕ ತಂದದ್ದು ಹೆಂಗ, ನೆನಪೈತೇನು?"

"ನೀವ ಹಿರೇವಡ್ಡಟ್ಟಿಗೆ ಬಂದಿದ್ರಿ."

"ನಿಮ್ಮವ್ವಗ ಏನಂದಿದ್ದೆ?"

ಉತ್ತರವನ್ನು ಕೊಟ್ರಪ್ಪನೇ ಹೇಳಿದ, ನಾಗರತ್ನಾಳ ಕಡೆ ತಿರುಗಿ.

"ನಿನ್ನ ಮಗನ್ನ ಕೊಡವಾ, ಚಂದಂಗ ನೋಡ್ಕೋತೀನಿ ಅಂದಿದ್ದೆ. ಕೇಳಿ ತಂದಿದ್ದು ಬಾಯಾರ. ಕಂಪನಿ ಕಾರಿಗೆ ಡೀಸೆಲ್ ತುಂಬಿಸಿ ಕಳಸಾಕ ಹೊಂಟಿದ್ದೆ ನಾ. ಇವನ್ನ ಬರಿಗೈಲೆ ಜೇಲಿಗೆ ಕಳಿಸಿ, ಅಕಿಗಿ ಏನ್ ಮರಳಿಸಿದಂಗಾತು?"

ಹುಲಿಗೇಶ ಗೋಡೆಯ ಕಡೆ ಮುಖ ತಿರುಗಿಸಿದ. ಅಂಕಿತಾ ಓಢಣಿಯ ಕಾಳನ್ನು ಮೇಜಿನ ಮೇಲೆ ಸುರಿದು, ಚೆದರದಂತೆ ಎರಡೂ ಕೈಯಿಂದ ಒಟ್ಟುಮಾಡಿದಳು.

"ನಾ ಬರ್ತೀನಿ ಅಪ್ಪಾಜಿ," ಎಂದಳು. "ನಾಳೆ ಯಾಕ? ಈಗ ಬರ್ತೀನಿ."

"ಆತು." ಕೊಟ್ರಪ್ಪ ಎದ್ದ. "ಮಾಶಾಕ, ಒಂದ ತಿಂಗಳ ಮುಂದುವರಿಸ್ತೀನಿ ಅಂತ ನಿಮ್ಮ ಸಾಹೇಬ್ರಿಗೆ ಹೇಳಪಾ. ಎಲ್ಲಿ ಸೈ ಮಾಡಬೇಕು ತೋರಸು."

ಮಾಶಾಕ ಮೊಬೈಲು ತೆಗೆದ. ಬೆರಳು ಒತ್ತದೆ ಅಲ್ಲೇ ನಿಂತಿತು. ಅವನ ಮುಖದಲ್ಲಿ ಮೊದಲಿನ ನಗು ಇರಲಿಲ್ಲ, ಬರಿಯ ಪ್ರಾಮಾಣಿಕ ಗೊಂದಲವಿತ್ತು.

"ಅದೇನೋ ಆಗ್ತೈತ್ರಿ. ನಿಮ್ಮ ಹಕ್ಕು ಮೊದಲನೇದು. ಆದರ ಅವರಿಗೆ ಏನ್ ಹೇಳಲಿ?"

"ಯಾರಿಗೆ?" ಎಂದಳು ನಾಗರತ್ನಾ.

"ಈ ಕಾರ ಕೊಳ್ಳಾಕ ಬಂದವರಿಗೆ. ಸಾವ್ಕಾರ್ರು ವಾಪಸ್ ಕೊಟ್ಟ ಕೂಡಲೇ ನಮಗ ಕೊಡ್ರಿ, ಹೆಂಗಿದ್ದರೂ ಚಿಂತಿಲ್ಲ, ದೀಪಾ ಸೈತ ಬದಲಸಬ್ಯಾಡ್ರಿ ಅಂದ್ರು. ನಿಮ್ಮ ಮನೀಗೆ ಬೇಕಾದವರು ಅಂತ ಹೇಳಿದ್ರು. ನಿಮಗ ಗೊತ್ತಿರತೈತಿ ಅಂತ ನಾ ಸುಮ್ಮನಿದ್ದೆ."

ದೀಪ ಸೀಳಿದ ಸಂಗತಿ, ಗುದ್ದಿದ ಜಾಗದಲ್ಲಿದ್ದವರನ್ನು ಬಿಟ್ಟರೆ, ಆ ಶೆಡ್ಡು ಮತ್ತು ಠಾಣೆಗಳ ಹೊರಗೆ ಯಾರಿಗೂ ತಿಳಿದಿರಲು ಕಾರಣವಿರಲಿಲ್ಲ.

"ಯಾರು ಬಂದಿದ್ರು?"

"ಗಂಡ ಹೆಂಡ್ತಿ. ಪಾಪ, ಭಾಳ ಚಲೋ ಹೆಣ್ಣಮಗಳ್ರಿ. ಮೊದಲನೇ ಸಲ ಬಂದೇವಿ, ಬರಿಗೈಲೆ ಹೆಂಗ ಬರೂದು ಅಂತ ಆಫೀಸಿನವರಿಗೆಲ್ಲ ಎಲಿಯಾಗ ಬೆಣ್ಣಿ ಕಟಗೊಂಡು ಬಂದಿದ್ಲು."

ಅಂಕಿತಾಳ ಕೈ ಕಾಳಿನ ಮೇಲೆ ನಿಂತಿತು.

"ಗಂಡನ ಹೆಸರು?" ನಾಗರತ್ನಾಳ ದನಿ ಏರಲಿಲ್ಲ, ಇಳಿಯಲೂ ಇಲ್ಲ.

"ಹಿರೇಹಂದಿಗೋಳದವರ್ರೀ. ಅಂದಾನಪ್ಪ ಅಂತ."

ಕಾರು ಕೇಳಿ ಒಯ್ದವಳ ಗಂಡನೇ ಗುದ್ದಿಸಿಕೊಂಡೆನೆಂದು ದೂರು ಕೊಟ್ಟವನು. ಹುಲಿಗೇಶ ಗೋಡೆಯಿಂದ ಈ ಕಡೆ ತಿರುಗಿದ. ಕೊಟ್ರಪ್ಪ ಟೊಪ್ಪಿಗೆಯನ್ನು ತಲೆಯ ಬಳಿ ಹಿಡಿದವನು ಹಾಕಿಕೊಳ್ಳುವುದನ್ನು ಮರೆತ.

"ಯಾವಾಗ ಬಂದಿದ್ರು? ಅಮಾಸಿಗಿ ಮೊದಲೋ, ಆಮ್ಯಾಲೋ?"

"ಅಮಾಸಿ ಎಲ್ಲೀದ್ರಿ ಅಕ್ಕಾರ? ನಿನ್ನಿ. ನಿನ್ನಿ ಮಧ್ಯಾಹ್ನ."

ಆ ಮುಂಜಾನೆ ಕಂಡ ಪ್ಲಾಸ್ಟರು, ಮೇಲಕ್ಕೆ ಕಟ್ಟಿದ ಕಾಲು, ಮುಚ್ಚಿದ ಕಣ್ಣು ನಾಗರತ್ನಾಳ ಎದುರಿಗೆ ಬಂದವು. ಪ್ಲಾಸ್ಟರನ್ನು ಆಕೆ ನೋಡಿದ್ದಳು. ಬಡಿದು ನೋಡಿರಲಿಲ್ಲ. ಎಲ್ಲ ಮುಚ್ಚಳಗಳನ್ನೂ ತೆರೆದು ನೋಡುವವಳು ಅದೊಂದನ್ನು ಬಿಟ್ಟಿದ್ದಳು.

"ಮಾಶಾಕ, ನಿಮ್ಮ ಆಫೀಸು ಎಷ್ಟನೇ ಅಂತಸ್ತಿನ್ಯಾಗ ಐತಿ?"

"ಮೂರನೇದ್ರಾಗ."

"ಲಿಫ್ಟ್ ಐತೇನು?"

"ಎಲ್ಲೀ ಲಿಫ್ಟ್ರೀ! ಬರೇ ಮೆಟ್ಲಾ. ನಾ ಊಟಾ ಮುಗಿಸಿ ಹತ್ತಾಕ ಹತ್ತಿದ್ದೆ, ಏದಿಕ್ಕೋತ ನಿಂತಿದ್ದೆ. ಆ ಮನಷ್ಯಾ ನನ್ನ ದಾಟಿ ಹೋದ."

ಫಕ್ಕೀರವ್ವ ಅಷ್ಟು ಹೇಳುವಾಗ ಗಿರಣಿಯ ಸೂರಿನಲ್ಲಿ ಬಲ್ಬು ಹತ್ತಿತು.

ಪಟ್ಟಿ ಒಮ್ಮೆ ಜಗ್ಗಿ ತಿರುಗತೊಡಗಿತು. ಕಲ್ಲಿನ ಸದ್ದು ಮಾತನ್ನು ನುಂಗಿತು. ಮುಂದೆ ಕುಳಿತಿದ್ದ ಗದಿಗೆವ್ವ ಎಂಬ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿ ಕೇಳಿದಳು: "ಯವ್ವಾ, ಹಂಗಾರ ದವಾಖಾನ್ಯಾಗ ಮಲಗಿದಾವ ಯಾರಬೇ?"

ಫಕ್ಕೀರವ್ವ ಕೇಳಿಸಲಿಲ್ಲವೆಂಬಂತೆ ಕಿವಿಯ ಕಡೆ ಬೆರಳು ತೋರಿಸಿದರು. ತೂಕದ ಕಟ್ಟೆಯಿಂದ ಇಳಿದು, ತಮ್ಮ ಬುಟ್ಟಿಯನ್ನು ಸರದಿಯಲ್ಲಿ ಮುಂದಕ್ಕೆ ದೂಡಿದರು. ಒಬ್ಬೊಬ್ಬರದೇ ಜೋಳ ಬೀಸಿ ಇಳಿಯಿತು. ಬಿಸಿ ಹಿಟ್ಟನ್ನು ಹೊತ್ತು, ಸೆರಗಿನ ಹಿಟ್ಟು ಕೊಡವಿಕೊಂಡು, ಹೆಂಗಸರು ಎದ್ದರು. ಗದಿಗೆವ್ವ ಅಂದು ನೆರೆಮನೆಯ ಡಬ್ಬಿ ಕೇಳಿ ತಂದಿದ್ದಳು. ಹಿಟ್ಟನ್ನು ತನ್ನ ಬುಟ್ಟಿಗೆ ಸುರಿದುಕೊಂಡ ಮೇಲೆ ಹೊರಡಲೆಂದು ಎದ್ದವಳು ಮತ್ತೆ ಕುಳಿತಳು. ಬರಿದಾದ ಡಬ್ಬಿಯಲ್ಲಿ ಒಂದು ಹಿಡಿ ಹಿಟ್ಟು ಹಾಕಿ, ಮುಚ್ಚಳ ಒತ್ತಿ, ಮನೆಗೆ ನಡೆದಳು.